ಬಿಡಿಸಿಟ್ಟ ಆಲ್ಬಂ: ಒಂದು ಕಡಲೂರಿನ ದಾಖಲೆ ಕೋಣೆಯ ಪ್ರಕರಣ

ಶನಿವಾರ ಮಧ್ಯಾಹ್ನ, ಬಾಗಿಲು ಹಾಕುವ ಹೊತ್ತು. ಒಬ್ಬ ಹಿರಿಯ ಹೆಂಗಸು ನಿಧಾನಕ್ಕೆ ಮೆಟ್ಟಿಲು ಹತ್ತಿ ಬಂದರು. ಕುರ್ಚಿಯಲ್ಲಿ ಕೂತು, ಉಸಿರು ಸುಧಾರಿಸಿಕೊಂಡು, ನೇರ ವಿಷಯಕ್ಕೆ ಬಂದರು.

“ನಮ್ಮಪ್ಪನ ಆಲ್ಬಂ ತಗೊಂಡು ಹೋಗೋಣ ಅಂತ ಬಂದೆ. ಮೇಷ್ಟ್ರಿಗೆ ಕೊಟ್ಟು 11 ವರ್ಷ ಆಯ್ತು. ಕಾಪಿ ಮಾಡ್ಕೊಂಡು ವಾಪಸ್ ಕೊಡ್ತೀನಿ ಅಂದಿದ್ರು.”

ಕೋಣೆಯಲ್ಲಿ ನಾವು ಮೂವರಿದ್ದೆವು. ಮೂವರೂ ಮುಖ ಮುಖ ನೋಡಿಕೊಂಡೆವು. ಅಂಥದೊಂದು ಆಲ್ಬಂ ಇತ್ತು ಅನ್ನುವುದೇ ನಮಗೆ ಗೊತ್ತಿರಲಿಲ್ಲ. ಗೊತ್ತಿದ್ದವರು ಮೇಷ್ಟ್ರು ಒಬ್ಬರೇ. ಅವರಿಗೆ ಪಾರ್ಶ್ವವಾಯು ಆಗಿತ್ತು. ಆಸ್ಪತ್ರೆಯಿಂದ ಮನೆಗೆ ಬಂದು ಒಂಬತ್ತು ದಿನ. ಮಾತು ಪೂರ್ತಿ ನಿಂತುಹೋಗಿತ್ತು.

ಆ ಶನಿವಾರದಿಂದ ಮುಂದಿನ ಏಳು ತಿಂಗಳಲ್ಲಿ ಏನಾಯಿತು ಅಂತ ಇಲ್ಲಿ ಬರೆದಿದ್ದೇನೆ. ಊರಿನ ಹೆಸರು, ಜನರ ಹೆಸರು ಬೇಕಂತಲೇ ಬಿಟ್ಟಿದ್ದೇನೆ. ಸ್ವಯಂಸೇವಕರೇ ನಡೆಸುವ ಇಂಥ ಕೋಣೆ ಎಲ್ಲೇ ಇದ್ದರೂ ಇದು ಅಲ್ಲಿಯ ಕಥೆಯೂ ಆಗಬಹುದು. ಅದಕ್ಕೇ ಬರೆಯಬೇಕು ಅನಿಸಿತು.

ಕೋಣೆ ಹೇಗಿತ್ತು

ಬಂದರಿನ ಹತ್ತಿರ ಹಳೇ ಕಟ್ಟಡವೊಂದರ ಮಹಡಿಯಲ್ಲಿ ಎರಡು ರೂಮು. ನಾವು ಅದನ್ನು ದಾಖಲೆ ಕೋಣೆ ಅಂತಲೇ ಕರೆಯುತ್ತಿದ್ದೆವು, ‘ಆರ್ಕೈವ್’ ಅನ್ನುವುದು ಬೋರ್ಡಿನ ಮೇಲೆ ಮಾತ್ರ. ಶುರು ಮಾಡಿದವರು ಮೇಷ್ಟ್ರು. ಶಾಲೆಯಿಂದ ನಿವೃತ್ತರಾದ ಮೇಲೆ ಮನೆ ಮನೆಗೆ ಹೋಗಿ, ಅಟ್ಟದ ಮೇಲಿದ್ದ ಟ್ರಂಕುಗಳನ್ನು ಇಳಿಸಿ, ಗೆದ್ದಲು ತಿನ್ನುವ ಮೊದಲು ಕಾಗದಗಳನ್ನು ತಂದವರು. ದೋಣಿಗಳ ಲೆಕ್ಕದ ಪುಸ್ತಕ, ಮೀನು ಹರಾಜಿನ ಚೀಟಿಗಳು, ಮನೆ ಕಟ್ಟಿದ ನಕಾಶೆ, ಕಾಗದ ಪತ್ರ, ಮತ್ತೆ ಫೋಟೋಗಳು. ಫೋಟೋಗಳೇ ಜಾಸ್ತಿ.

ನಾನು ಅಲ್ಲಿಗೆ ವಾರಕ್ಕೆ ಎರಡು ದಿನ ಹೋಗುತ್ತಿದ್ದೆ. ಹಳೇ ಕಾಗದ, ಫೋಟೋ ಜೋಪಾನ ಮಾಡುವ ಕೆಲಸ ಸ್ವಲ್ಪ ಗೊತ್ತಿತ್ತು ಅಂತ ಸೇರಿಸಿಕೊಂಡಿದ್ದರು. ನನ್ನ ಜೊತೆ ಬಂದರಿನ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಒಬ್ಬರು, ಕಾಲೇಜು ಓದುತ್ತಿದ್ದ ಒಬ್ಬ ಹುಡುಗಿ. ಇನ್ನೂ ನಾಲ್ಕೈದು ಜನ ಬಿಡುವಾದಾಗ ಬರುತ್ತಿದ್ದರು. ಯಾರಿಗೂ ಸಂಬಳ ಇರಲಿಲ್ಲ.

ಯಾರಾದರೂ ಬಂದು “ಆ ದೊಡ್ಡ ಬಿರುಗಾಳಿ ಬಂತಲ್ಲ, ಅದರ ಫೋಟೋ ಇದೆಯಾ?” ಅಂದರೆ ಮೇಷ್ಟ್ರು ಎದ್ದು, ಮೂರನೇ ಕಪಾಟಿನ ಎರಡನೇ ಅರೆಯಿಂದ ಪೆಟ್ಟಿಗೆ ಎಳೆದು, ಅರ್ಧ ನಿಮಿಷದಲ್ಲಿ ಫೋಟೋ ಕೈಗಿಡುತ್ತಿದ್ದರು. ಅದರ ಜೊತೆ ಕಥೆಯನ್ನೂ ಹೇಳುತ್ತಿದ್ದರು. ಇದು ಯಾರ ದೋಣಿ, ಪಕ್ಕ ನಿಂತವರು ಯಾರು, ಫೋಟೋ ಕೊಟ್ಟವರು ಯಾರ ಮೊಮ್ಮಗ. ನಾವೆಲ್ಲ ಅದನ್ನು ನೋಡಿ ಖುಷಿಪಡುತ್ತಿದ್ದೆವು. ಪಟ್ಟಿ ಯಾಕೆ ಬೇಕು, ಮೇಷ್ಟ್ರೇ ಇದ್ದಾರಲ್ವಾ ಅಂತ. ತಪ್ಪು ನಡೆದದ್ದು ಅಲ್ಲೇ, ಮತ್ತು ಅದು ಮೇಷ್ಟ್ರೊಬ್ಬರ ತಪ್ಪಲ್ಲ.

ಆಲ್ಬಂ ಎಲ್ಲಿ ಹೋಯಿತು

ಆ ತಾಯಿ ತಮ್ಮ ಚೀಲದಿಂದ ಒಂದು ಕಾಗದ ತೆಗೆದರು. ಮೇಷ್ಟ್ರ ಕೈಬರಹ. “ಆಲ್ಬಂ ತಲುಪಿತು, ನಕಲು ಮಾಡಿಕೊಂಡ ಮೇಲೆ ನಾನೇ ತಂದು ಕೊಡುತ್ತೇನೆ” ಅಂತ ಸಹಿ ಸಮೇತ ಇತ್ತು. ಇನ್ನು ಮಾತೇ ಇಲ್ಲ. ಅದು ನಮಗೆ ಬಂದ ಉಡುಗೊರೆಯಲ್ಲ, ನಾವು ವಾಪಸ್ ಕೊಡಬೇಕಾದ ವಸ್ತು.

ಅವರ ತಂದೆ ದೀಪಸ್ತಂಭದಲ್ಲಿ ಕೆಲಸ ಮಾಡುತ್ತಿದ್ದರು. ಒಂದು ಬಾಕ್ಸ್ ಕ್ಯಾಮೆರಾ ಇತ್ತು. ಆಲ್ಬಂ ಹೇಗಿತ್ತು ಅಂತ ಕೇಳಿದೆ. ಕಪ್ಪು ಹಾಳೆ, ಪಕ್ಕದಲ್ಲಿ ದಾರ ಪೋಣಿಸಿ ಕಟ್ಟಿದ್ದು, ಪ್ರತಿ ಫೋಟೋದ ಕೆಳಗೆ ಅಪ್ಪ ಬಿಳಿ ಶಾಯಿಯಲ್ಲಿ ಬರೆದಿದ್ದರು ಅಂದರು.

ನಾವು ಇಡೀ ಕೋಣೆ ಹುಡುಕಿದೆವು. ಅಂಥ ಆಲ್ಬಂ ಇರಲಿಲ್ಲ. ಎರಡನೇ ವಾರ ಹುಡುಗಿ ಸ್ಟೂಲ್ ಹತ್ತಿ ಕಪಾಟಿನ ನೆತ್ತಿ ಒರೆಸುವಾಗ ಪೇಪರಿನಲ್ಲಿ ಸುತ್ತಿದ ಒಂದು ಕಟ್ಟು ಸಿಕ್ಕಿತು. ಬಿಚ್ಚಿದರೆ ಕಪ್ಪು ಹಾಳೆಗಳು. ಬಿಳಿ ಶಾಯಿಯ ಬರಹ ಹಾಗೇ ಇತ್ತು. ಫೋಟೋ ಮಾತ್ರ ಒಂದೂ ಇರಲಿಲ್ಲ. ಪುಟದ ತುಂಬ ಫೋಟೋದ ಮೂಲೆ ಸಿಕ್ಕಿಸುವ ಸಣ್ಣ ಸಣ್ಣ ತ್ರಿಕೋನದ ಕಾರ್ನರುಗಳು, ನಡುವೆ ಖಾಲಿ. 131 ಖಾಲಿ ಜಾಗ.

ಆಗ ಅರ್ಥವಾಯಿತು. ಮೇಷ್ಟ್ರು ಆಲ್ಬಂ ಬಿಡಿಸಿ, ಫೋಟೋಗಳನ್ನು ವಿಷಯವಾರು ಹಂಚಿದ್ದರು. ದೋಣಿಯ ಫೋಟೋ ‘ದೋಣಿ’ ಪೆಟ್ಟಿಗೆಗೆ. ಮಕ್ಕಳದ್ದು ‘ಶಾಲೆ, ಮಕ್ಕಳು’ ಪೆಟ್ಟಿಗೆಗೆ. ಸಮುದ್ರ ಕಂಡರೆ ‘ಕಡಲತೀರ’. ಅವರಿಗೂ ಕಾರಣ ಇತ್ತು. ಕಪ್ಪು ಹಾಳೆ ಪುಡಿಯಾಗುತ್ತಿತ್ತು, ಹಾಳೆಯ ಜೊತೆ ಫೋಟೋಗಳೂ ಹಾಳಾಗುತ್ತವೆ ಅಂತ ಹೆದರಿದ್ದರು. ಜೊತೆಗೆ, ಕೇಳಿಕೊಂಡು ಬರುವವರು ದೋಣಿ ಬೇಕು, ಬಿರುಗಾಳಿ ಬೇಕು ಅಂತಲೇ ಕೇಳುತ್ತಾರೆ. ವಿಷಯವಾರು ಇಟ್ಟರೆ ಬೇಗ ಸಿಗುತ್ತದೆ.

ಇದು ದೊಡ್ಡ ದೊಡ್ಡವರೂ ಮಾಡಿದ ತಪ್ಪೇ. ಫ್ರಾನ್ಸಿನಲ್ಲಿ ಕ್ರಾಂತಿಯ ನಂತರ ರಾಷ್ಟ್ರೀಯ ಪತ್ರಾಗಾರದ ಕಾಗದಗಳನ್ನು ಹೀಗೇ ವಿಷಯವಾರು ಒಡೆದು ಜೋಡಿಸಿದರು. ಯಾವ ಕಾಗದ ಯಾವ ಕಚೇರಿಯದು, ಯಾವುದರ ಜೊತೆ ಇತ್ತು ಅನ್ನುವುದೇ ಕಳೆದುಹೋಯಿತು. ಕೊನೆಗೆ 1841ರ ಏಪ್ರಿಲ್ 24ರಂದು ಅಲ್ಲಿನ ಜಿಲ್ಲಾ ಪತ್ರಾಗಾರಗಳಿಗೆ ಒಂದು ಸುತ್ತೋಲೆ ಹೊರಟಿತು. ಅದರ ಹಿಂದೆ ಇದ್ದವರು ಅಲ್ಲಿನ ಪತ್ರಾಗಾರದ ಅಧಿಕಾರಿ ನಾತಾಲಿಸ್ ದ ವೈಯಿ. ಒಂದು ಕಚೇರಿ, ಒಂದು ಸಂಸ್ಥೆ, ಒಂದು ಮನೆತನದಿಂದ ಬಂದದ್ದನ್ನೆಲ್ಲ ಒಟ್ಟಿಗೇ ಇಡಿ, ಬೇರೆಯದರ ಜೊತೆ ಕಲಸಬೇಡಿ ಅನ್ನುವುದು ಅದರ ಸಾರ. 1898ರಲ್ಲಿ ಮುಲ್ಲರ್, ಫೈಟ್, ಫ್ರೌನ್ ಎಂಬ ಮೂವರು ಡಚ್ಚರು ಇದನ್ನು ಇನ್ನೂ ಬಿಗಿ ಮಾಡಿದರು. ಒಟ್ಟಿಗೆ ಇಡುವುದಷ್ಟೇ ಸಾಲದು, ಇದ್ದ ಕ್ರಮವನ್ನೂ ಕಾಯಬೇಕು ಅಂದರು. ಇವತ್ತಿಗೂ ಪತ್ರಾಗಾರದ ಕೆಲಸ ಕಲಿಯುವವರಿಗೆ ಮೊದಲ ಪಾಠ ಇದೇ.

ಪುಸ್ತಕದಲ್ಲಿ ಓದಿದಾಗ ಈ ನಿಯಮ ನನಗೂ ಸುಮ್ನೆ ಶಿಸ್ತಿನ ಮಾತು ಅನಿಸಿತ್ತು. ಖಾಲಿ ಪುಟ ಕೈಯಲ್ಲಿ ಹಿಡಿದಾಗ ಅದರ ತೂಕ ಗೊತ್ತಾಯಿತು.

‘ಅದೇ ಜಾಗ’

ಪುಟಗಳನ್ನು ಓದುತ್ತಾ ಹೋದೆವು. “ಕಲ್ಲು ಬಂತು, 1951.” “ಅಣ್ಣನ ದೋಣಿ.” “ಮಗಳು, ಕಲ್ಲಿನ ಮೇಲೆ.” ನಡುನಡುವೆ ಒಂದು ಬರಹ ಮತ್ತೆ ಮತ್ತೆ ಬರುತ್ತಿತ್ತು: “ಅದೇ ಜಾಗ.” ಮೊದಲ ಸಲ ಬಂದಾಗ ಪಕ್ಕದಲ್ಲಿ 1949 ಅಂತ ಇತ್ತು. ಕೊನೆಯದರ ಪಕ್ಕ 1959. ನಡುವಿನ ಒಂಬತ್ತಕ್ಕೆ ಇಸವಿ ಇಲ್ಲ, ಬರೀ “ಅದೇ ಜಾಗ”.

ಆ ಮನುಷ್ಯ ವರ್ಷಕ್ಕೊಂದು ಸಲ ದೀಪಸ್ತಂಭದ ಮೇಲಿನ ಕಂಬಿಯ ಹತ್ತಿರ ನಿಂತು, ಒಂದೇ ಕಡೆ ಕ್ಯಾಮೆರಾ ತಿರುಗಿಸಿ, ಒಂದೊಂದು ಫೋಟೋ ತೆಗೆದಿದ್ದರು. ಯಾರೂ ಹೇಳಿ ಮಾಡಿಸಿದ ಕೆಲಸವಲ್ಲ. ಆ ವರ್ಷಗಳಲ್ಲೇ ಬಂದರಿಗೆ ಅಲೆ ತಡೆಗೋಡೆ ಕಟ್ಟುತ್ತಿದ್ದರು.

ಅಲೆಗಳು ದಡಕ್ಕೆ ಓರೆಯಾಗಿ ಬಡಿಯುತ್ತವೆ. ಅದರಿಂದ ಮರಳು ತೀರದ ಉದ್ದಕ್ಕೂ ಒಂದು ದಿಕ್ಕಿಗೆ ಸಾಗುತ್ತಲೇ ಇರುತ್ತದೆ. ಅಡ್ಡಕ್ಕೆ ಗೋಡೆ ಬಂದರೆ ಮರಳು ಒಂದು ಬದಿಯಲ್ಲಿ ಕೂಡುತ್ತದೆ. ಇನ್ನೊಂದು ಬದಿಗೆ ಮರಳು ಬರುವುದು ನಿಲ್ಲುತ್ತದೆ, ಆದರೆ ಅಲೆ ಮಾತ್ರ ಇದ್ದದ್ದನ್ನು ಎಳೆದುಕೊಂಡು ಹೋಗುತ್ತಲೇ ಇರುತ್ತದೆ. ಆ ಬದಿಯ ದಡ ಕೊರೆಯುತ್ತಾ ಬರುತ್ತದೆ. ಗೋಡೆ ಕಟ್ಟಿದ ಕಡಲೂರಿನವರಿಗೆಲ್ಲ ಇದು ಗೊತ್ತಿರುವ ಸಂಗತಿ. ಆದರೆ ವರ್ಷ ವರ್ಷದ ಫೋಟೋ ಇಟ್ಟುಕೊಂಡ ಊರು ಎಷ್ಟಿದ್ದೀತು?

ಹನ್ನೊಂದು ಫೋಟೋ ಸಾಲಾಗಿ ಇಟ್ಟರೆ ಒಂದು ದಡ ಹೇಗೆ ಕರಗಿತು ಅಂತ ಕಣ್ಣಿಗೆ ಕಾಣುತ್ತದೆ. ‘ಕಡಲತೀರ’ ಪೆಟ್ಟಿಗೆಯಲ್ಲಿ ಬೇರೆ ಮುನ್ನೂರು ಫೋಟೋಗಳ ನಡುವೆ ಹರಡಿದರೆ ಅವು ಸಮುದ್ರದ ಹನ್ನೊಂದು ಚಿತ್ರ, ಅಷ್ಟೇ. ಇಷ್ಟು ವರ್ಷ ಅವು ನಮ್ಮ ಕಣ್ಣ ಮುಂದೆಯೇ ಇದ್ದವು. ನಾನೇ ಎಷ್ಟೋ ಸಲ ಅವುಗಳ ಧೂಳು ಒರೆಸಿದ್ದೆ. ಏನೂ ಕಾಣಿಸಿರಲಿಲ್ಲ.

ಆಲ್ಬಂ ವಾಪಸ್ ಕೊಡುವುದು ಮಾತಿನ ಪ್ರಶ್ನೆಯಾಗಿತ್ತು. ಈಗ ಅದನ್ನು ಮತ್ತೆ ಸರಿಯಾಗಿ ಕೂಡಿಸುವುದೂ ಸೇರಿಕೊಂಡಿತು.

ಹಿಂಬದಿ ಓದುವ ಕೆಲಸ

ಮೊದಲು ಪುಟಗಳನ್ನು ಅಳತೆ ಮಾಡಿದೆವು. ನಾಲ್ಕು ಕಾರ್ನರುಗಳ ನಡುವಿನ ಅಂತರ ನೋಡಿದರೆ ಅಲ್ಲಿದ್ದ ಫೋಟೋದ ಗಾತ್ರ ಗೊತ್ತಾಗುತ್ತದೆ. ಎಲ್ಲಿ ಫೋಟೋ ಇತ್ತೋ ಅಲ್ಲಿ ಹಾಳೆ ಕಡುಗಪ್ಪು, ಸುತ್ತಲಿನ ಭಾಗ ಬೆಳಕಿಗೆ ಮಾಸಿ ಕಂದು ಬಣ್ಣಕ್ಕೆ ತಿರುಗಿತ್ತು. ಹೆಚ್ಚಿನವು 6x9 ಸೆಂಟಿಮೀಟರ್ ಆಸುಪಾಸು. ಬಾಕ್ಸ್ ಕ್ಯಾಮೆರಾದಲ್ಲಿ ‘120’ ಅನ್ನುವ ನಮೂನೆಯ ರೀಲು ಹಾಕಿ ತೆಗೆದ ನೆಗೆಟಿವ್ ಅಷ್ಟೇ ಗಾತ್ರ ಇರುತ್ತದೆ. ದೊಡ್ಡದು ಮಾಡದೆ ನೆಗೆಟಿವನ್ನೇ ಕಾಗದದ ಮೇಲೆ ಒತ್ತಿ ಪ್ರಿಂಟ್ ತೆಗೆಯುತ್ತಿದ್ದರು, ಖರ್ಚು ಕಡಿಮೆ. ಇದರಿಂದ ಬೇರೆ ಗಾತ್ರದ ಎಷ್ಟೋ ಫೋಟೋಗಳನ್ನು ಆ ಕಡೆ ಸರಿಸಿದೆವು.

ಆಮೇಲೆ ಪ್ರತಿ ಪೆಟ್ಟಿಗೆ ತೆರೆದು ಫೋಟೋಗಳ ಹಿಂಬದಿ ನೋಡಿದೆವು. ಮುಂಬದಿ ನೋಡಿದರೆ ಮನಸ್ಸು ಚಿತ್ರದಲ್ಲೇ ಮುಳುಗಿಬಿಡುತ್ತದೆ. ಹಿಂಬದಿಯೇ ಸತ್ಯ ಹೇಳುವುದು. ಫೋಟೋ ಕಾಗದದ ಬ್ರ್ಯಾಂಡ್ ಹೆಸರು ತೆಳ್ಳಗೆ ಅಚ್ಚಾಗಿರುತ್ತದೆ. ಕೆಲವದರ ಹಿಂದೆ ‘ವೆಲಾಕ್ಸ್’ ಅಂತ ಇತ್ತು. ಕೆಲವದರ ಹಿಂದೆ ಪೆನ್ಸಿಲಿನಲ್ಲಿ 7/2, 7/3 ಅಂತ ಸಣ್ಣದಾಗಿ ಬರೆದಿತ್ತು. ಅದೇನೆಂದು ಮೊದಲು ತಿಳಿಯಲಿಲ್ಲ. ಗುಮಾಸ್ತರು ಏಳನೇ ಪುಟ ತೆಗೆದು ಎರಡನೇ ಜಾಗದ ಮೇಲೆ ಫೋಟೋ ಇಟ್ಟರು. ಸರಿಯಾಗಿ ಕೂತಿತು. ಮೇಷ್ಟ್ರು ಬಿಡಿಸುವಾಗ ಪುಟದ ನಂಬರ್ ಹಾಕಲು ಶುರು ಮಾಡಿದ್ದರು! ಹತ್ತೊಂಬತ್ತು ಫೋಟೋಗೆ ಹಾಕಿ ನಿಲ್ಲಿಸಿದ್ದರು. ಆ ದಿನ ಯಾರಾದರೂ ಬಂದರೋ, ಬೇರೆ ಟ್ರಂಕ್ ಬಂತೋ. ಒಬ್ಬರೇ ಎಲ್ಲ ಮಾಡುವ ಕಡೆ ಕೆಲಸ ನಿಲ್ಲುವುದು ಹೀಗೆಯೇ.

ಅಂಟು ಹಾಕಿ ಅಂಟಿಸಿದ್ದ ಫೋಟೋಗಳು ನಮಗೆ ವರವಾದವು. ಕಿತ್ತಾಗ ಹಾಳೆಯ ಕಪ್ಪು ನಾರು ಫೋಟೋದ ಬೆನ್ನಿಗೆ ಅಂಟಿಕೊಂಡಿತ್ತು. ಹಾಳೆಯಲ್ಲಿ ಅಷ್ಟೇ ಆಕಾರದ ಸಿಪ್ಪೆ ಎದ್ದಿತ್ತು. ಒಂದು ಫೋಟೋದ ಹಿಂದೆ ಮೊಲದ ಕಿವಿಯ ಹಾಗೆ ಎರಡು ಉದ್ದ ಕಪ್ಪು ಕಲೆ. ಹುಡುಗಿ ಪುಟಗಳ ಮೇಲೆ ಟಾರ್ಚನ್ನು ಓರೆಯಾಗಿ ಹಿಡಿದು ಹೋಗುತ್ತಾ ಇದ್ದವಳು ಒಮ್ಮೆಲೇ “ಇಲ್ಲಿ, ಇಲ್ಲಿ!” ಅಂತ ಕೂಗಿದಳು. ಇಪ್ಪತ್ತೆರಡನೇ ಪುಟದ ಕೆಳಮೂಲೆಯಲ್ಲಿ ಅದೇ ಮೊಲದ ಕಿವಿ, ಕನ್ನಡಿಯಲ್ಲಿ ಕಂಡ ಹಾಗೆ ಮಗುಚಿ ಬಿದ್ದಿತ್ತು. ಕೆಳಗೆ ಬಿಳಿ ಶಾಯಿಯಲ್ಲಿ “ಮಗಳು, ಕಲ್ಲಿನ ಮೇಲೆ.” ಆ ಪುಟ್ಟ ಹುಡುಗಿಯೇ ಈಗ ಆಲ್ಬಂ ಕೇಳಿಕೊಂಡು ಬಂದವರು. ತಾವು ಹುಟ್ಟಿದ್ದು 1953 ಅಂತ ಆಮೇಲೆ ಹೇಳಿದರು. ಫೋಟೋದಲ್ಲಿ ಎರಡು ವರ್ಷದ ಮಗುವಿನ ಹಾಗೆ ಕಾಣುತ್ತಿದ್ದರು. ಹೀಗೆ ಆ ಪುಟಕ್ಕೆ ಒಂದು ಇಸವಿ ಸಿಕ್ಕಿತು.

ತುಕ್ಕಿನ ಮಾತು ಹೇಳಲೇಬೇಕು. ಒಂದೇ ವಿಷಯದ ಫೋಟೋಗಳನ್ನು ಮೇಷ್ಟ್ರು ಜೆಮ್ ಕ್ಲಿಪ್ ಹಾಕಿ ಕಟ್ಟು ಮಾಡಿದ್ದರು. ಕಡಲ ಗಾಳಿಯಲ್ಲಿ ಉಪ್ಪಿರುತ್ತದೆ, ಉಪ್ಪು ತೇವ ಎಳೆಯುತ್ತದೆ. ಒಳನಾಡಿನಲ್ಲಿ ಹತ್ತಾರು ವರ್ಷ ಬಾಳುವ ಕ್ಲಿಪ್ ಇಲ್ಲಿ ಕೆಲವೇ ವರ್ಷದಲ್ಲಿ ಕೆಂಪಗಾಗುತ್ತದೆ. ‘ಅದೇ ಜಾಗ’ದ ಒಂದು ಫೋಟೋಗೆ ಕ್ಲಿಪ್ ಕಚ್ಚಿಕೊಂಡುಬಿಟ್ಟಿತ್ತು. ಎಳೆದರೆ ಚಿತ್ರದ ಪದರವೇ ಕಿತ್ತು ಬರುತ್ತದೆ. ಒಂದು ತೆಳು ಪಾಲಿಯೆಸ್ಟರ್ ಹಾಳೆಯ ತುಂಡನ್ನು ಕ್ಲಿಪ್ಪಿಗೂ ಫೋಟೋಗೂ ನಡುವೆ ಮೆಲ್ಲಗೆ ತೂರಿಸಿ, ಹಿಂಬದಿಗೂ ಒಂದು ತೂರಿಸಿ, ಆಮೇಲೆ ಕ್ಲಿಪ್ಪಿನ ಬಾಯಿ ಮೇಲಕ್ಕೆತ್ತಿ ಬಿಡಿಸಬೇಕು. ಅದೊಂದಕ್ಕೇ ಮುಕ್ಕಾಲು ಗಂಟೆ ಹಿಡಿಯಿತು. ಫೋಟೋ ಉಳಿಯಿತು. ಆಕಾಶದಲ್ಲಿ ಮಾತ್ರ ಕ್ಲಿಪ್ಪಿನ ಆಕಾರದ ಕಂದು ಗೆರೆ ಇನ್ನೂ ಇದೆ. ಅದು ಹೋಗುವುದಿಲ್ಲ.

‘ಅದೇ ಜಾಗ’ದ ಹನ್ನೊಂದೂ ಸಿಕ್ಕವು. ಆದರೆ ಅವುಗಳ ಕ್ರಮ? ಎಲ್ಲವೂ ಒಂದೇ ಗಾತ್ರ, ಎಲ್ಲವೂ ಕಾರ್ನರಿನಲ್ಲಿ ಕೂತಿದ್ದವು, ಅಂಟಿನ ಗುರುತಿಲ್ಲ. ಇಲ್ಲಿ ನೇರಳಾತೀತ ಬೆಳಕಿನ ಟಾರ್ಚ್ ಸಹಾಯಕ್ಕೆ ಬಂತು. 1950ರ ದಶಕದ ಶುರುವಿನಿಂದ ಫೋಟೋ ಕಾಗದ ಇನ್ನೂ ಬೆಳ್ಳಗೆ ಕಾಣಲಿ ಅಂತ ಕಂಪನಿಗಳು ಅದಕ್ಕೆ ಒಂದು ರಾಸಾಯನಿಕ ಸೇರಿಸತೊಡಗಿದವು. ಕತ್ತಲಲ್ಲಿ ಆ ಟಾರ್ಚ್ ಬಿಟ್ಟರೆ ಅಂಥ ಕಾಗದ ನೀಲಿ ಬಿಳುಪಿನಲ್ಲಿ ಹೊಳೆಯುತ್ತದೆ. ಅದಕ್ಕಿಂತ ಹಳೆಯದು ಮಂಕಾಗೇ ಇರುತ್ತದೆ. ಹೊಳೆದರೆ ಅದಕ್ಕಿಂತ ಹಿಂದಿನದಲ್ಲ ಅಂತ ಹೇಳಬಹುದು. ಹೊಳೆಯದಿದ್ದರೆ ಖಂಡಿತ ಹಳೆಯದು ಅನ್ನಲಾಗದು, ಹಳೇ ಕಾಗದ ಎಷ್ಟೋ ದಿನ ಅಂಗಡಿಯಲ್ಲಿ ಉಳಿದಿರುತ್ತದೆ. ಕಿಟಕಿ ಮುಚ್ಚಿ ಟಾರ್ಚ್ ಹಾಕಿದೆವು. ನಾಲ್ಕು ಮಂಕು, ಏಳು ಹೊಳಪು.

ಮಂಕಾದ ನಾಲ್ಕರ ಸಾಲು ಹಾಕುವುದು ಸುಲಭವಾಯಿತು. ಗೋಡೆ ಇಲ್ಲ, ಗೋಡೆ ಇಲ್ಲ, ಕಲ್ಲಿನ ರಾಶಿ, ಒಂದು ಚೋಟು ಗೋಡೆ. ಹೊಳೆದ ಏಳರಲ್ಲಿ ಮೂರನ್ನು ಗೋಡೆಯ ಉದ್ದ ನೋಡಿ ಜೋಡಿಸಿದೆವು. ಉಳಿದ ನಾಲ್ಕರಲ್ಲಿ ಗೋಡೆ ಪೂರ್ತಿ ಆಗಿತ್ತು. ದಡ ಎಷ್ಟು ಸವೆದಿದೆ ಅಂತ ನೋಡಿ ಹೇಳಬಹುದಲ್ಲ ಅಂತ ಗುಮಾಸ್ತರು ಅಂದರು. ಆಗುವುದಿಲ್ಲ. ಕಡಲು ಶಾಂತವಾಗಿದ್ದಾಗ ದಡ ಅಗಲವಾಗುತ್ತದೆ, ಅಬ್ಬರದ ತಿಂಗಳುಗಳಲ್ಲಿ ಕಿರಿದಾಗುತ್ತದೆ. ಯಾವ ತಿಂಗಳಲ್ಲಿ ತೆಗೆದದ್ದು ಅಂತ ಗೊತ್ತಿಲ್ಲದೆ ಅಗಲ ನಂಬಿ ಸಾಲು ಹಾಕಿದರೆ, ನಮಗೆ ಬೇಕಾದ ಕಥೆಯನ್ನು ನಾವೇ ಬರೆದ ಹಾಗೆ. ಅಲ್ಲಿಗೆ ನಿಂತೆವು.

ಮೇಷ್ಟ್ರ ಎಡಗೈ

ಮಾತು ಹೋದರೆ ನೆನಪೂ ಹೋಯಿತು ಅಂದುಕೊಂಡುಬಿಡುತ್ತೇವೆ. ನಾನೂ ಹಾಗೇ ಅಂದುಕೊಂಡಿದ್ದೆ. ಹೆಚ್ಚಿನವರಲ್ಲಿ ಮಾತಿನ ಕೆಲಸ ನಡೆಯುವುದು ಮಿದುಳಿನ ಎಡಭಾಗದಲ್ಲಿ. ಅಲ್ಲಿ ಪೆಟ್ಟು ಬಿದ್ದರೆ ಮಾತು ಹೋಗಬಹುದು, ಎಷ್ಟೋ ಸಲ ಬಲಗೈ ಬಲಗಾಲೂ ಸೋಲುತ್ತವೆ. ಹೀಗೆ ಮಾತು ಹೋಗುವುದಕ್ಕೆ ಅಫೇಸಿಯಾ ಅನ್ನುತ್ತಾರೆ. ಆದರೆ ಎಷ್ಟೋ ಜನರಿಗೆ ಮುಖ ಗುರುತು ಸಿಗುತ್ತದೆ, ಜಾಗ ಗುರುತು ಸಿಗುತ್ತದೆ. ಹೆಸರು ಬಾಯಿಗೆ ಬರುವುದಿಲ್ಲ, ಅಷ್ಟೇ.

ಮೂರನೇ ತಿಂಗಳು. ಮೇಷ್ಟ್ರಿಗೆ ಮಾತಿನ ಚಿಕಿತ್ಸೆ ಕೊಡುತ್ತಿದ್ದ ಹುಡುಗಿಯನ್ನು, ಮನೆಯವರನ್ನು ಕೇಳಿದೆ. ಫೋಟೋ ತೋರಿಸಬಹುದಾ, ಸುಸ್ತಾಗುತ್ತಾ ಅಂತ. ತೋರಿಸಿ, ಆದರೆ ಅರ್ಧ ಗಂಟೆಗಿಂತ ಜಾಸ್ತಿ ಬೇಡ, ಹೆಸರು ಹೇಳಿ ಅಂತ ಒತ್ತಾಯ ಮಾಡಬೇಡಿ ಅಂದರು. ಹೌದು, ಅಲ್ಲ ಅಂತ ಉತ್ತರ ಬರುವ ಹಾಗೆ ಕೇಳಿ, ಇಲ್ಲ ಬೆರಳು ತೋರಿಸಲಿ.

ನಾವು ಮೂಲ ಫೋಟೋ ಒಯ್ಯಲಿಲ್ಲ. ಅದೇ ಗಾತ್ರದ ಪ್ರತಿ ಮಾಡಿ, ರಟ್ಟಿಗೆ ಅಂಟಿಸಿ ತೆಗೆದುಕೊಂಡು ಹೋದೆವು. ಮೊದಲು ಮಂಚದ ಪಕ್ಕದ ಮೇಜಿನ ಮೇಲೆ ಖಾಲಿ ಕಪ್ಪು ಹಾಳೆಯ ಚಿತ್ರ ಇಟ್ಟೆ. ಮೇಷ್ಟ್ರು ಅದನ್ನು ತುಂಬ ಹೊತ್ತು ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ಕಣ್ಣು ತುಂಬಿತು. ಏನೋ ಹೇಳಲು ಹೋದರು, “ಆ... ಆ...” ಅಷ್ಟೇ ಬಂತು. “ಬಂದಿದ್ರು ಸರ್, ಅವರ ಮಗಳು. ನಾವು ಜೋಡಿಸ್ತಾ ಇದೀವಿ” ಅಂದೆ. ತಲೆಯಾಡಿಸಿದರು. ಎಡಗೈ ಚಾಚಿದರು, ಕೊಡು ಅನ್ನುವ ಹಾಗೆ.

ನಾಲ್ಕು ಫೋಟೋಗಳನ್ನು ಕಲಸಿ ಇಟ್ಟೆ. ಅವರು ಎಡಗೈಯ ಎರಡು ಬೆರಳಲ್ಲಿ ಒಂದೊಂದನ್ನೇ ತಳ್ಳುತ್ತಾ ಹೋದರು. ಒಂದನ್ನು ಮುಂದಿಟ್ಟರು, ತೆಗೆದರು, ಮತ್ತೆ ಇಟ್ಟರು. ಹತ್ತು ನಿಮಿಷದಲ್ಲಿ ಸಾಲಾಯಿತು. ಆ ಹತ್ತು ನಿಮಿಷ ನಾವ್ಯಾರೂ ಉಸಿರೆತ್ತಲಿಲ್ಲ. ಸರಿಯಾ ಅಂತಲೂ ಕೇಳಲಿಲ್ಲ. ನಮ್ಮ ಮುಖ ನೋಡಿ ಅವರು ಬದಲಾಯಿಸಬಾರದಲ್ವಾ.

ಒಂದು ಸಲ ಮಾಡಿದ್ದನ್ನು ಸಾಕ್ಷಿ ಅಂತ ಬರೆಯಲು ನನಗೆ ಮನಸ್ಸು ಒಪ್ಪಲಿಲ್ಲ. ಹನ್ನೆರಡು ದಿನ ಬಿಟ್ಟು ಮತ್ತೆ ಹೋದೆವು. ಬೇರೆ ಕ್ರಮದಲ್ಲಿ ಕಲಸಿ ಇಟ್ಟೆವು. ಮೊದಲನೆಯದು, ಕೊನೆಯದು ಹಿಂದಿನ ಹಾಗೇ ಬಂದವು. ನಡುವಿನ ಎರಡು ಈ ಸಲ ಅದಲು ಬದಲಾದವು. ಕೊನೆಯದಾಗಿ ಇಟ್ಟ ಫೋಟೋದಲ್ಲಿ ದಡದ ಗುಡಿಸಲುಗಳು ಇರಲಿಲ್ಲ, 1959ರ ಪುಟಕ್ಕೆ ಅದೇ ಸರಿ. ಆದ್ದರಿಂದ ರಿಜಿಸ್ಟರಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದೆವು: ಕ್ರಮ ಹೇಳಿದವರು ಮೇಷ್ಟ್ರು, ಎರಡು ದಿನ ನೋಡಿದ್ದು, ನಡುವಿನ ಎರಡರ ಕ್ರಮ ಖಚಿತವಿಲ್ಲ. ಆ ಎರಡು ಜಾಗದ ಪಕ್ಕ ಪೆನ್ಸಿಲಿನಲ್ಲಿ ಪ್ರಶ್ನೆ ಗುರುತು ಇದೆ. ಅದನ್ನು ಯಾರೂ ಅಳಿಸಬಾರದು ಅಂತ ನನ್ನ ಆಸೆ.

ಅವತ್ತಿನಿಂದ ವಾರಕ್ಕೊಮ್ಮೆ ಯಾರಾದರೂ ಮೇಷ್ಟ್ರ ಮನೆಗೆ ಹೋಗುತ್ತಾರೆ. ಹತ್ತು ಫೋಟೋ, ಅರ್ಧ ಗಂಟೆ. ಆರನೇ ತಿಂಗಳ ಹೊತ್ತಿಗೆ ಕೆಲವು ಹೆಸರು ಬಾಯಲ್ಲಿ ಬರಲು ಶುರುವಾಯಿತು. ಮೊದಲು ಬಂದದ್ದು ಒಂದು ದೋಣಿಯ ಹೆಸರು.

ಕೊಡುವುದೋ ಇಟ್ಟುಕೊಳ್ಳುವುದೋ

131 ಜಾಗದಲ್ಲಿ 122 ತುಂಬಿದವು. ಒಂಬತ್ತು ಸಿಗಲಿಲ್ಲ. ಆಲ್ಬಂ ಕೊಡುವ ಹೊತ್ತು ಬಂದಾಗ ನಮ್ಮೊಳಗೇ ಮಾತು ಎದ್ದಿತು. ಇದು ಊರಿನ ಆಸ್ತಿ, ದಡ ಸವೆದದ್ದಕ್ಕೆ ಇಷ್ಟು ಒಳ್ಳೆ ಸಾಕ್ಷಿ ಬೇರೆಲ್ಲಿದೆ, ಒಂದು ಮನೆಯ ಕಪಾಟಿನಲ್ಲಿ ಕೂರುವುದಕ್ಕಿಂತ ಇಲ್ಲೇ ಇರಲಿ, ಅವರನ್ನು ಒಪ್ಪಿಸೋಣ ಅಂತ ಒಬ್ಬರು ಹಟ ಹಿಡಿದರು. ಅವರ ಕಾಳಜಿ ನಿಜವಾದದ್ದೇ. ಆದರೆ ಕೊಡುತ್ತೇವೆ ಅಂತ ಬರೆದುಕೊಟ್ಟ ಮೇಲೆ ಕೊಡಬೇಕು. ಒಬ್ಬರಿಗೆ ಹೀಗೆ ಮಾಡಿದರೆ ನಾಳೆ ಯಾರೂ ಅಟ್ಟದಿಂದ ಟ್ರಂಕ್ ಇಳಿಸಿ ಕೊಡುವುದಿಲ್ಲ. ನಾನು ಇದರಲ್ಲಿ ಒಂದಿಷ್ಟೂ ಬಗ್ಗಲಿಲ್ಲ.

ಅವರನ್ನು ಕರೆದು ಕೇಳಿದ್ದು ಇಷ್ಟು: ಸ್ಕ್ಯಾನ್ ಇಟ್ಟುಕೊಳ್ಳಬಹುದಾ, ನೋಡಲು ಬಂದವರಿಗೆ ತೋರಿಸಬಹುದಾ, ಅಚ್ಚು ಹಾಕಲು ಯಾರಾದರೂ ಕೇಳಿದರೆ ಏನು ಹೇಳಬೇಕು. ಫೋಟೋ ಕೈಗೆ ಬಂದ ಮಾತ್ರಕ್ಕೆ ಅದರ ಹಕ್ಕು ಕೈಗೆ ಬರುವುದಿಲ್ಲ. ತೆಗೆದವರು ಅವರ ತಂದೆ, ಹಕ್ಕು ಇದ್ದರೆ ಮನೆಯವರದು. ಎರಡು ಪುಟದ ಕರಾರಿನಲ್ಲಿ ಇದನ್ನೆಲ್ಲ ಸರಳ ಮಾತಿನಲ್ಲಿ ಬರೆದು ಇಬ್ಬರೂ ಸಹಿ ಹಾಕಿದೆವು. ಅಚ್ಚು ಹಾಕುವ ಮೊದಲು ತಮ್ಮನ್ನು ಕೇಳಬೇಕು ಅಂದರು, ಬರೆದುಕೊಂಡೆವು.

ಪ್ರತಿ ಫೋಟೋದ ಎರಡೂ ಬದಿ 600 ಡಿಪಿಐನಲ್ಲಿ, ಅಂದರೆ ಇಂಚಿಗೆ 600 ಚುಕ್ಕೆಯಂತೆ, ಸ್ಕ್ಯಾನ್ ಮಾಡಿ ಟಿಫ್ ಅನ್ನುವ ನಮೂನೆಯ ಚಿತ್ರದ ಫೈಲ್ ಇಟ್ಟೆವು. ಹಿಂಬದಿ ಬಿಡಬಾರದು ಅಂತ ಈಗ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಪ್ರತಿ ಪುಟವನ್ನೂ ಇಡಿಯಾಗಿ ಫೋಟೋ ತೆಗೆದೆವು. ಪುಡಿಯಾಗುತ್ತಿದ್ದ ಹಾಳೆಗಳ ನಡುವೆ ಆಮ್ಲ ಇಲ್ಲದ ತೆಳು ಕಾಗದ ಇಟ್ಟೆವು. ಫೋಟೋಗಳನ್ನು ಹೊಸ ಕಾಗದದ ಕಾರ್ನರಿನಲ್ಲಿ ಕೂರಿಸಿದೆವು, ಒಂದು ಹನಿ ಅಂಟೂ ಮುಟ್ಟಿಸಲಿಲ್ಲ.

ಆಮೇಲೆ ಬದಲಾದದ್ದು

ಮೇಷ್ಟ್ರು ಇಟ್ಟಿದ್ದ ವಿಷಯವಾರು ಪೆಟ್ಟಿಗೆಗಳನ್ನು ಒಡೆಯಬೇಕಾ? ತುಂಬ ಯೋಚಿಸಿ ಬೇಡ ಅಂದೆವು. ಎಲ್ಲಿಂದ ಬಂತು ಅಂತ ಖಚಿತವಾದದ್ದನ್ನು ಮಾತ್ರ ಹೊರತೆಗೆದು ಅದರ ಮನೆತನಕ್ಕೆ ಸೇರಿಸುತ್ತೇವೆ, ತೆಗೆದ ಜಾಗದಲ್ಲಿ ಒಂದು ಚೀಟಿ ಇಡುತ್ತೇವೆ. ಉಳಿದದ್ದು ಹಾಗೇ ಇರಲಿ. ಇಷ್ಟು ವರ್ಷದಲ್ಲಿ ಅದೂ ಒಂದು ಕ್ರಮವಾಗಿದೆ, ಮೇಷ್ಟ್ರ ಕ್ರಮ.

ಹೊಸದಾಗಿ ಬಂದದ್ದಕ್ಕೆ ದಾರಿ ಬೇರೆ. ವಿಷಯ ಹುಡುಕಲು ಪಟ್ಟಿ ಇದೆ. ಒಂದು ಫೋಟೋದಲ್ಲಿ ದೋಣಿ, ಮದುವೆ, ಬಿರುಗಾಳಿ ಮೂರೂ ಇದ್ದರೆ ಮೂರೂ ಕಡೆ ಅದರ ನಂಬರ್ ಬರೆಯಬಹುದು. ಫೋಟೋವನ್ನು ಮಾತ್ರ ಮೂರು ಪೆಟ್ಟಿಗೆಯಲ್ಲಿ ಇಡಲು ಆಗುವುದಿಲ್ಲ. ಇಷ್ಟು ಸರಳ ಮಾತು ಮೊದಲೇ ಹೊಳೆದಿದ್ದರೆ!

ಬಾಗಿಲ ಹತ್ತಿರ ಒಂದು ದಪ್ಪ ರಿಜಿಸ್ಟರ್ ಇದೆ. ಯಾವ ದಿನ ಬಂತು, ಯಾರು ತಂದರು, ಕೊಟ್ಟದ್ದೋ ಇಟ್ಟದ್ದೋ, ಬಂದಾಗ ಹೇಗೆ ಕಟ್ಟಿತ್ತು. ಇಬ್ಬರ ಸಹಿ. ಬಂದದ್ದು ಬಂದ ಹಾಗೇ ಫೋಟೋ ತೆಗೆಯುವವರೆಗೆ ಯಾರೂ ದಾರ ಬಿಚ್ಚುವ ಹಾಗಿಲ್ಲ. ಫೋಟೋದಲ್ಲಿ ಯಾರಿದ್ದಾರೆ ಅಂತ ಯಾರಾದರೂ ಹೇಳಿದರೆ ಹೆಸರಷ್ಟೇ ಅಲ್ಲ, ಹೇಳಿದವರು ಯಾರು, ಯಾವತ್ತು ಅಂತಲೂ ಬರೆಯುತ್ತೇವೆ. ಬರೆಯುವುದು ಮೆದು ಪೆನ್ಸಿಲಿನಲ್ಲಿ, ಹಿಂಬದಿಯ ಅಂಚಿಗೆ, ಒತ್ತದೆ. ಪೆನ್ನಿನ ಶಾಯಿ ಮುಂದಕ್ಕೆ ಇಳಿಯುತ್ತದೆ.

ಕಬ್ಬಿಣದ ಕ್ಲಿಪ್, ಗುಂಡುಸೂಜಿ ಎಲ್ಲ ಹೊರಗೆ. ಫೋಟೋ ಹಾಕಿಟ್ಟಿದ್ದ ಪಿವಿಸಿ ಪ್ಲಾಸ್ಟಿಕ್ ಕವರುಗಳೂ ಹೊರಗೆ, ತೇವಕ್ಕೆ ಅವು ಚಿತ್ರಕ್ಕೆ ಅಂಟಿಕೊಳ್ಳುತ್ತವೆ. ಗಾಳಿಯ ತೇವ ಅಳೆಯುವ ಸಣ್ಣ ಯಂತ್ರ ಗೋಡೆಯ ಮೇಲಿದೆ. ಶೇ 65 ದಾಟಿದರೆ ಬೂಷ್ಟು ಹಿಡಿಯುವ ಭಯ, ಆಗ ತೇವ ಹೀರುವ ಮೆಷಿನ್ ಹಾಕುತ್ತೇವೆ. ಸ್ಕ್ಯಾನುಗಳ ಮೂರು ಪ್ರತಿ, ಒಂದು ಬೇರೆ ಊರಿನಲ್ಲಿ.

ಆಲ್ಬಂ ಕೊಟ್ಟ ದಿನ ಆ ತಾಯಿ ನಮ್ಮ ಮೇಜಿನ ಮೇಲೇ ಪೂರ್ತಿ ನೋಡಿದರು. ‘ಅದೇ ಜಾಗ’ ಬಂದಾಗಲೆಲ್ಲ ಹಿಂದಿನದಕ್ಕೆ ಹೋಗಿ ಹೋಲಿಸಿದರು. ಗುಡಿಸಲು ಇಲ್ಲದ ಫೋಟೋ ಹತ್ತಿರ ನಿಂತು, “ಇಲ್ಲೇ ನಮ್ಮ ದೊಡ್ಡಮ್ಮನ ಮನೆ ಇತ್ತು” ಅಂದರು. ಆ ಮಾತನ್ನೂ ಅವರ ಒಪ್ಪಿಗೆ ಕೇಳಿ, ತಾರೀಕು ಹಾಕಿ ಬರೆದುಕೊಂಡೆವು. ಖಾಲಿ ಕಾರ್ನರುಗಳನ್ನು ಬೆರಳಿಂದ ಮುಟ್ಟಿ ಎಣಿಸಿದರು. ಒಂಬತ್ತು.

ಮೂರು ತಿಂಗಳ ಮೇಲೆ ‘ಶಾಲೆ, ಮಕ್ಕಳು’ ಪೆಟ್ಟಿಗೆಯಲ್ಲಿ ಎರಡು ಫೋಟೋ ಒಂದಕ್ಕೊಂದು ಅಂಟಿಕೊಂಡದ್ದು ಹುಡುಗಿಯ ಕಣ್ಣಿಗೆ ಬಿತ್ತು. ಬಿಡಿಸಿದಾಗ ಒಳಗಿನದರ ಬೆನ್ನಲ್ಲಿ ಕಪ್ಪು ನಾರು. ನಮ್ಮ ಪುಟದ ಚಿತ್ರಗಳ ಜೊತೆ ಹೊಂದಿಸಿ ನೋಡಿದೆವು. ಹದಿನಾರನೇ ಪುಟ, ಮೇಲಿನ ಸಾಲು. ಫೋನ್ ಮಾಡಿದೆ.

“ಹಾಗಾದ್ರೆ ಇನ್ನು ಎಂಟು” ಅಂದರು. “ನಾನೇ ಬರ್ತೀನಿ, ಆಲ್ಬಂ ತಗೊಂಡು.”

“ಬನ್ನಿ. ಮನೇಲಿ ಗಮ್ ಹಾಕ್ಬೇಡಿ, ಕಾರ್ನರ್ ಇಲ್ಲಿದೆ” ಅಂದೆ.